ಸೂಕ್ಷ್ಮಜೀವಿ ಇಂಧನ ಕೋಶ: ಜೋಡಣೆ ಭದ್ರವಾದರೆ ವಿದ್ಯುತ್ ಭದ್ರ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಬ್ಯಾಟರಿ, ಟಾರ್ಚು, ಮೋಟಾರು ಬಿಡಿಭಾಗಗಳ ವ್ಯಾಪಾರ ಮಾಡುವವರಿಗೆ ಒಂದು ದೃಶ್ಯ ಹೊಸದಲ್ಲ. ಕೆಟ್ಟುಹೋಯಿತೆಂದು ಗಿರಾಕಿ ತಂದ ಟಾರ್ಚನ್ನು ಅಂಗಡಿಯವರು ಬಿಚ್ಚಿ, ಸೆಲ್ಲಿನ ತುದಿಯನ್ನೂ ಒಳಗಿನ ಸ್ಪ್ರಿಂಗನ್ನೂ ಪಾಲಿಶ್ ಪೇಪರಿನಿಂದ ತಿಕ್ಕಿ ಮತ್ತೆ ಜೋಡಿಸುತ್ತಾರೆ, ಟಾರ್ಚು ಬೆಳಗುತ್ತದೆ. ಸೆಲ್ಲು ಕೆಟ್ಟಿರಲಿಲ್ಲ, ಬಲ್ಬು ಸುಟ್ಟಿರಲಿಲ್ಲ. ಕೆಟ್ಟದ್ದು ಅವೆರಡರ ನಡುವಿನ ಸಂಪರ್ಕ ಮಾತ್ರ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಹಿರಿಯರದು. ಕೂಡುವ ಜಾಗದಲ್ಲಿಯೇ ಹನಿ ಸೋರಿಹೋದರೆ ಹಳ್ಳವೆಲ್ಲಿಂದ ಬಂದೀತು?

ಇದೇ ಪ್ರಶ್ನೆ ಇಂದು ವಿಜ್ಞಾನದ ಒಂದು ಹೊಸ ಕ್ಷೇತ್ರವನ್ನು ಕಾಡುತ್ತಿದೆ. ಕೊಳಚೆ ನೀರು, ಕೆಸರು, ಮಣ್ಣುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಿಂದ ನೇರವಾಗಿ ವಿದ್ಯುತ್ ಪಡೆಯುವ ಸಾಧನಕ್ಕೆ ಸೂಕ್ಷ್ಮಜೀವಿ ಇಂಧನ ಕೋಶ ಎಂದು ಹೆಸರು. ಬೆರಳ ತುದಿಯಷ್ಟು ಗಾತ್ರದ ಕೋಶಗಳೂ ಈಗಾಗಲೇ ತಯಾರಾಗಿವೆ. ಇವುಗಳ ಯಶಸ್ಸು ಬ್ಯಾಕ್ಟೀರಿಯಾಗಳ ಶಕ್ತಿಯನ್ನು ಮಾತ್ರ ಅವಲಂಬಿಸಿಲ್ಲ. ಇಂಗಾಲದ ತುಂಡಿಗೆ ತಂತಿಯನ್ನು ಎಷ್ಟು ಚೆನ್ನಾಗಿ ಕೂಡಿಸಲಾಗಿದೆ ಎಂಬುದನ್ನೂ ಅವಲಂಬಿಸಿದೆ. ಇಂತಹ ಕೈಕೆಲಸದಲ್ಲಿ ಪಳಗಿದ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ವಿಷಯ ಇದು.

ನೂರು ವರ್ಷಕ್ಕೂ ಹಳೆಯ ಕಲ್ಪನೆ

ಸೂಕ್ಷ್ಮಜೀವಿಗಳಿಂದ ವಿದ್ಯುತ್ ಪಡೆಯುವ ಕಲ್ಪನೆ ಇತ್ತೀಚಿನದೇನೂ ಅಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಎಂ.ಸಿ. ಪಾಟರ್ ಅವರು 1911ರಲ್ಲಿಯೇ ಯೀಸ್ಟ್ ಹಾಗೂ ಬ್ಯಾಕ್ಟೀರಿಯಾಗಳು ಸಾವಯವ ಪದಾರ್ಥವನ್ನು ಕೊಳೆಸುವಾಗ ವಿದ್ಯುತ್ ಉಂಟಾಗುವುದನ್ನು ಪ್ಲಾಟಿನಂ ವಿದ್ಯುದ್ವಾರಗಳ ಮೂಲಕ ತೋರಿಸಿದ್ದರು. 1931ರಲ್ಲಿ ಅಮೆರಿಕದ ಬಾರ್ನೆಟ್ ಕೋಹೆನ್ ಇಂತಹ ಹಲವು ಕೋಶಗಳನ್ನು ಸಾಲಾಗಿ ಜೋಡಿಸಿ 35 ವೋಲ್ಟ್ ಪಡೆದರು. ಆದರೆ ದೊರೆತ ವಿದ್ಯುತ್ ಪ್ರವಾಹ ಕೇವಲ 2 ಮಿಲಿಆಂಪಿಯರ್.

1980ರ ದಶಕದ ಕೊನೆಯಲ್ಲಿ ಲೋಹದ ಆಕ್ಸೈಡುಗಳಿಗೆ ಎಲೆಕ್ಟ್ರಾನುಗಳನ್ನು ದಾಟಿಸಬಲ್ಲ ಜಿಯೋಬ್ಯಾಕ್ಟರ್, ಶೆವನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಬೆಳಕಿಗೆ ಬಂದವು. ಅದುವರೆಗೆ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯಲು ನೀರಿಗೆ ಬಣ್ಣದಂತಹ ರಾಸಾಯನಿಕಗಳನ್ನು ಬೆರೆಸಬೇಕಾಗಿತ್ತು. 1999ರ ಸುಮಾರಿಗೆ ದಕ್ಷಿಣ ಕೊರಿಯಾದ ಬಿ.ಎಚ್. ಕಿಮ್ ಮತ್ತು ಸಂಗಡಿಗರು ಅಂತಹ ಮಧ್ಯವರ್ತಿಗಳಿಲ್ಲದೆಯೇ ಕೋಶವು ಕೆಲಸ ಮಾಡಬಲ್ಲದೆಂದು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಹೊಸ ಚಾಲನೆ ದೊರೆಯಿತು. ಭಾರತದಲ್ಲಿ ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಹಾಗೂ ಖರಗ್‌ಪುರದ ಐ.ಐ.ಟಿ.ಗಳಲ್ಲಿ ಈ ಬಗ್ಗೆ ಗಮನಾರ್ಹ ಸಂಶೋಧನೆ ನಡೆದಿದೆ.

ಕೋಶದ ರಚನೆ ಸರಳವಾಗಿದೆ. ಗಾಳಿಯಾಡದ ದ್ರವದಲ್ಲಿ ಒಂದು ಇಂಗಾಲದ ವಿದ್ಯುದ್ವಾರವಿರುತ್ತದೆ, ಇದು ಆನೋಡ್. ಬ್ಯಾಕ್ಟೀರಿಯಾಗಳು ಇದರ ಮೇಲೆ ಪೊರೆಯಂತೆ ಬೆಳೆದು, ನೀರಿನಲ್ಲಿರುವ ಸಾವಯವ ಕಲ್ಮಶವನ್ನು ಆಹಾರವಾಗಿ ಬಳಸಿ, ಎಲೆಕ್ಟ್ರಾನುಗಳನ್ನು ಇಂಗಾಲಕ್ಕೆ ಬಿಟ್ಟುಕೊಡುತ್ತವೆ. ಅವು ಹೊರಗಿನ ತಂತಿಯ ಮೂಲಕ ಗಾಳಿಯ ಸಂಪರ್ಕದಲ್ಲಿರುವ ಇನ್ನೊಂದು ವಿದ್ಯುದ್ವಾರವನ್ನು, ಅಂದರೆ ಕ್ಯಾಥೋಡನ್ನು ತಲುಪುತ್ತವೆ. ಅಲ್ಲಿ ಆಮ್ಲಜನಕದೊಡನೆ ಸೇರಿ ನೀರು ಉಂಟಾಗುತ್ತದೆ. ಹೊರಗಿನ ತಂತಿಯಲ್ಲಿ ಹರಿಯುವುದೇ ಉಪಯೋಗಕ್ಕೆ ಸಿಗುವ ವಿದ್ಯುತ್.

ಪುಟ್ಟ ಕೋಶದ ದೊಡ್ಡ ತೊಡಕು

ಅಮೆರಿಕದ ನೌಕಾಪಡೆಯ ಸಂಶೋಧನಾಲಯದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪುಟ್ಟ ಕೋಶದ ಆನೋಡ್ ಕೋಣೆಯ ಗಾತ್ರ ಕೇವಲ 1.2 ಘನ ಸೆಂಟಿಮೀಟರ್. ಗಾತ್ರ ಕಿರಿದಾದಷ್ಟೂ ಒಂದು ಅನುಕೂಲವುಂಟು: ಅದೇ ಪ್ರಮಾಣದ ದ್ರವಕ್ಕೆ ಹೆಚ್ಚು ವಿದ್ಯುದ್ವಾರದ ಮೇಲ್ಮೈ ದೊರೆಯುತ್ತದೆ ಮತ್ತು ವಿದ್ಯುದ್ವಾರಗಳ ನಡುವಿನ ಅಂತರ ತಗ್ಗುತ್ತದೆ. ಆದರೆ ಕೋಶ ಕಿರಿದಾದರೂ ಜೋಡಣೆಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಪ್ರತಿಯೊಂದು ಕೋಶಕ್ಕೂ ಎರಡು ಜೋಡಣೆ ಬೇಕೇ ಬೇಕು. ಹತ್ತು ಕೋಶಗಳ ಸಾಲಿಗೆ ಇಪ್ಪತ್ತು. ಇಂಗಾಲದ ತುಂಡು ಸಣ್ಣದಾದಷ್ಟೂ ತಂತಿ ಹಿಡಿಯುವ ಜಾಗವೂ ಸಣ್ಣದಾಗುತ್ತದೆ.

ವ್ಯಾಪಾರದ ಲೆಕ್ಕದಂತೆ ಇದನ್ನು ಅಂಕಿಗಳಲ್ಲಿ ನೋಡುವುದು ಒಳಿತು. ಉದಾಹರಣೆಗೆ, 0.6 ವೋಲ್ಟ್ ಕೊಡುವ, 200 ಓಮ್ ಒಳರೋಧವುಳ್ಳ ಒಂದು ಪುಟ್ಟ ಕೋಶವಿದೆ ಎಂದುಕೊಳ್ಳಲಾಗಲಿ. ಅದಕ್ಕೆ 200 ಓಮ್ ಹೊರೆಯನ್ನು ಜೋಡಿಸಿದಾಗ 1.5 ಮಿಲಿಆಂಪಿಯರ್ ಪ್ರವಾಹ ಹರಿದು, ಹೊರೆಗೆ 0.45 ಮಿಲಿವ್ಯಾಟ್ ಶಕ್ತಿ ದೊರೆಯುತ್ತದೆ. ಈಗ ಎರಡೂ ಜೋಡಣೆಗಳಲ್ಲಿ ಒಟ್ಟು 100 ಓಮ್ ರೋಧ ಸೇರಿಕೊಂಡಿತೆನ್ನೋಣ. ಪ್ರವಾಹ 1.2 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಹೊರೆಗೆ ಸಿಗುವುದು ಸುಮಾರು 0.29 ಮಿಲಿವ್ಯಾಟ್. ಹೊರೆಯನ್ನು ಎಷ್ಟೇ ಹೊಂದಿಸಿದರೂ 0.3 ಮಿಲಿವ್ಯಾಟ್ ಮೀರುವುದಿಲ್ಲ. ಅಂದರೆ ಉತ್ಪನ್ನದ ಮೂರನೆಯ ಒಂದು ಭಾಗ ಜೋಡಣೆಯಲ್ಲಿಯೇ ನಷ್ಟ! ಬ್ಯಾಕ್ಟೀರಿಯಾದ ತಪ್ಪಿಲ್ಲ, ಇಂಗಾಲದ ತಪ್ಪಿಲ್ಲ, ನೀರಿನ ತಪ್ಪೂ ಇಲ್ಲ.

ಮನೆಯ 230 ವೋಲ್ಟ್ ಮಾರ್ಗದಲ್ಲಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ನಷ್ಟವಾದರೆ ಯಾರಿಗೂ ತಿಳಿಯುವುದಿಲ್ಲ. 0.6 ವೋಲ್ಟಿನ ಕೋಶಕ್ಕೆ ಅದು ಆರನೆಯ ಒಂದು ಪಾಲು. ಇದಲ್ಲದೆ, ಇಷ್ಟು ಕಡಿಮೆ ವೋಲ್ಟೇಜಿನಿಂದ ಯಾವ ಉಪಕರಣವನ್ನೂ ನೇರವಾಗಿ ನಡೆಸಲಾಗದು. ಅದನ್ನು ಏರಿಸುವ ಇಲೆಕ್ಟ್ರಾನಿಕ್ ಪರಿವರ್ತಕ ಬೇಕು. ಕೆಲವು ಪರಿವರ್ತಕಗಳು ಚಾಲನೆಗೊಳ್ಳಲು 0.3 ವೋಲ್ಟಿನ ಆಸುಪಾಸು ಇರಲೇಬೇಕು. ಜೋಡಣೆ ಸಡಿಲವಾಗಿ ವೋಲ್ಟೇಜ್ ಆ ಗಡಿಗಿಂತ ಕೆಳಗಿಳಿದರೆ ಶಕ್ತಿ ಕಡಿಮೆಯಾಗುವುದಷ್ಟೇ ಅಲ್ಲ, ಯಂತ್ರವೇ ನಿಂತುಹೋಗುತ್ತದೆ.

ಜೋಡಣೆ ಕೆಡುವ ಮೂರು ಬಗೆ

ಮೊದಲನೆಯದು ಒತ್ತಡದ ಕೊರತೆ. ಕಣ್ಣಿಗೆ ನಯವಾಗಿ ಕಾಣುವ ಎರಡು ಮೇಲ್ಮೈಗಳು ಒಂದಕ್ಕೊಂದು ತಾಗುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ ಮಾತ್ರ. ವಿದ್ಯುತ್ ಹರಿಯುವುದು ಆ ಬಿಂದುಗಳ ಮೂಲಕವೇ. ಒತ್ತಡ ಹೆಚ್ಚಿದಂತೆ ಬಿಂದುಗಳು ಹೆಚ್ಚುತ್ತವೆ, ರೋಧ ತಗ್ಗುತ್ತದೆ. ಮೋಟಾರಿನ ಕಾರ್ಬನ್ ಬ್ರಷ್ಷಿನ ಹಿಂದೆ ಸ್ಪ್ರಿಂಗ್ ಇರುವುದು ಈ ಕಾರಣದಿಂದಲೇ. ಕಾರ್ಬನ್ ಬಟ್ಟೆ ಅಥವಾ ಕಾರ್ಬನ್ ಫೆಲ್ಟಿಗೆ ತಂತಿಯನ್ನು ಸುಮ್ಮನೆ ಪೋಣಿಸಿದರೆ ಆರಂಭದಲ್ಲಿ ಸಂಪರ್ಕ ಸರಿಯಾಗಿಯೇ ಇರುತ್ತದೆ. ನಾರು ನೆನೆದು ಮೆತ್ತಗಾದ ಮೇಲೆ ಹಿಡಿತ ಸಡಿಲಗೊಳ್ಳುತ್ತದೆ.

ಎರಡನೆಯದು ಲೋಹದ ಮೇಲಿನ ಪೊರೆ. ತುಕ್ಕು ಹಿಡಿಯದ ಲೋಹವೆಂದು ಟೈಟಾನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲುಗಳನ್ನು ಆರಿಸಲಾಗುತ್ತದೆ. ಇವು ತುಕ್ಕಿನಿಂದ ಪಾರಾಗುವುದು ಮೇಲೆ ಮೂಡುವ ತೆಳುವಾದ ಆಕ್ಸೈಡ್ ಪೊರೆಯಿಂದ. ಆದರೆ ಆ ಪೊರೆಯೇ ವಿದ್ಯುತ್ತಿಗೆ ಅಡ್ಡಿ. ಕಾಪಾಡುವ ಕವಚವೇ ದಾರಿಗೆ ಬಾಗಿಲು ಹಾಕಿದಂತೆ.

ಮೂರನೆಯದು ಮತ್ತು ಎಲ್ಲಕ್ಕಿಂತ ಮೋಸಕರವಾದದ್ದು ದ್ರವ ಏರುವಿಕೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕಾರ್ಬನ್ ಬಟ್ಟೆ ಕೋಶದ ಉಪ್ಪುನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ದ್ರವದಿಂದ ಹೊರಗಿದೆ ಎಂದು ಭಾವಿಸಿದ ಕ್ಲಿಪ್ಪಿಗೆ ಅದು ತಲುಪಿ ಲೋಹವನ್ನು ತಿನ್ನತೊಡಗುತ್ತದೆ. ತಾಮ್ರದ ತಂತಿಯಾಗಿದ್ದರೆ ಕರಗಿದ ತಾಮ್ರ ಕೋಶದೊಳಗೆ ಸೇರಿ ಬ್ಯಾಕ್ಟೀರಿಯಾಗಳಿಗೆ ವಿಷವಾಗುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಸವೆಯುತ್ತಿರುವ ಲೋಹ ತಾನೇ ಒಂದು ಬ್ಯಾಟರಿಯಂತೆ ವರ್ತಿಸಿ ಸುಳ್ಳು ವಿದ್ಯುತ್ತನ್ನು ಕೊಡುತ್ತದೆ. ಮೀಟರಿನ ಮುಳ್ಳು ಏರುತ್ತದೆ, ನೋಡುವವರು ಸಂತೋಷಪಡುತ್ತಾರೆ. ಆದರೆ ಆಗ ಖರ್ಚಾಗುತ್ತಿರುವುದು ಕೊಳಚೆಯಲ್ಲ, ತಂತಿ.

ಹಳೆಯ ಸೆಲ್ಲು ಕಲಿಸುವ ಪಾಠ

ಇಂಗಾಲಕ್ಕೂ ಲೋಹಕ್ಕೂ ಸಂಬಂಧ ಬೆಳೆಸುವ ಸಮಸ್ಯೆಯನ್ನು ಟಾರ್ಚಿನ ಸೆಲ್ಲು ತಯಾರಕರು ಒಂದು ಶತಮಾನಕ್ಕೂ ಹಿಂದೆಯೇ ಎದುರಿಸಿದ್ದರು. ಸತುವು–ಇಂಗಾಲದ ಸೆಲ್ಲಿನ ನಡುವಿನ ಕಡ್ಡಿ ರಂಧ್ರಮಯವಾದದ್ದು. ಒಳಗಿನ ದ್ರವ ಅದರ ಮೂಲಕ ಏರಿ ಲೋಹದ ಟೋಪಿಯನ್ನು ತಿನ್ನದಿರಲೆಂದು ಕಡ್ಡಿಗೆ ಮೇಣ ಊಡಿಸಿ, ಟೋಪಿಯನ್ನು ತುದಿಗೆ ಬಿಗಿಯಾಗಿ ಒತ್ತಿ ಕೂರಿಸಲಾಗುತ್ತಿತ್ತು. ದ್ರವಕ್ಕೆ ತಡೆ, ಲೋಹಕ್ಕೆ ಒತ್ತಡ ಎಂಬ ಎರಡು ಸೂತ್ರಗಳೇ ಇಂದಿನ ಪುಟ್ಟ ಕೋಶಗಳಿಗೂ ಅನ್ವಯಿಸುತ್ತವೆ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಲೋಗನ್ ಅವರ ತಂಡ 2007ರಲ್ಲಿ ಪ್ರಕಟಿಸಿದ ಪರಿಹಾರ ಈ ದೃಷ್ಟಿಯಿಂದ ಗಮನಾರ್ಹ. ಬಾಟಲಿ ತೊಳೆಯುವ ಬ್ರಷ್ಷಿನಂತೆ ಎರಡು ಟೈಟಾನಿಯಂ ತಂತಿಗಳ ನಡುವೆ ಕಾರ್ಬನ್ ನಾರುಗಳನ್ನಿಟ್ಟು ಹುರಿಗೊಳಿಸಿ ಆನೋಡನ್ನು ತಯಾರಿಸಲಾಯಿತು. ಹುರಿಯ ಬಿಗಿತದಿಂದ ಸಾವಿರಾರು ನಾರುಗಳೂ ತಂತಿಗೆ ಒತ್ತಿ ನಿಲ್ಲುತ್ತವೆ. ಬೆಸುಗೆಯೂ ಬೇಡ, ಅಂಟೂ ಬೇಡ. ಈ ಬ್ರಷ್ ಆನೋಡಿನಿಂದ ಪ್ರಯೋಗಾಲಯದಲ್ಲಿ ಕ್ಯಾಥೋಡಿನ ಪ್ರತಿ ಚದರ ಮೀಟರಿಗೆ 2400 ಮಿಲಿವ್ಯಾಟ್ ಶಕ್ತಿ ದೊರೆಯಿತು. ಈ ತಯಾರಿಕೆಯ ಮೂಲ ಉಪಾಯ ಯಾವುದೇ ಬ್ರಷ್ ತಯಾರಕರಿಗೆ ಪರಿಚಿತವಾದದ್ದೇ ಆಗಿದೆ.

ಪುಟ್ಟ ಕೋಶಗಳಲ್ಲಿ ಅನುಸರಿಸಬಹುದಾದ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು. ದ್ರವದೊಳಗೆ ತಾಮ್ರ, ಹಿತ್ತಾಳೆ, ಬೆಳ್ಳಿಯ ಬಣ್ಣ, ಸೀಸದ ಬೆಸುಗೆ ಯಾವುದೂ ತೆರೆದಿರಬಾರದು. ದ್ರವವನ್ನು ತಾಗುವುದು ಇಂಗಾಲ ಅಥವಾ ಟೈಟಾನಿಯಂ ಮಾತ್ರ ಆಗಿರಲಿ. ಸಾಧ್ಯವಾದೆಡೆ ಕಾರ್ಬನ್ ಬಟ್ಟೆಯ ಪಟ್ಟಿಯನ್ನೇ ಉದ್ದವಾಗಿ ಕತ್ತರಿಸಿ ಹೊರತಂದು, ಜೋಡಣೆಯನ್ನು ದ್ರವದ ಮಟ್ಟದಿಂದ ಮೇಲೆ ಒಣಜಾಗದಲ್ಲಿ ಮಾಡಬೇಕು. ಪಟ್ಟಿ ಹೊರಬರುವ ಕತ್ತಿನ ಭಾಗಕ್ಕೆ ಎಪಾಕ್ಸಿ ಊಡಿಸಿ ಬತ್ತಿಯಂತೆ ಹೀರುವುದನ್ನು ತಡೆಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯ ಬಿಸಿಲಿನಲ್ಲಿಡುವ ಕೋಶಕ್ಕೆ ಮೇಣವನ್ನು ನಂಬುವಂತಿಲ್ಲ. ಅದು ಮೆತ್ತಗಾಗಿ ಜಾರುತ್ತದೆ. ಟೈಟಾನಿಯಂ ತಂತಿಯನ್ನು ಕೂಡಿಸುವ ಮುನ್ನ ಪಾಲಿಶ್ ಪೇಪರಿನಿಂದ ತಿಕ್ಕಿ, ತಡಮಾಡದೆ ಬಿಗಿದು, ಗಾಳಿ ತಾಗದಂತೆ ಮುಚ್ಚಬೇಕು. ಇಂಗಾಲವನ್ನು ಎರಡು ಚಪ್ಪಟೆ ಪಟ್ಟಿಗಳ ನಡುವೆ ಸ್ಕ್ರೂ ಮತ್ತು ಸ್ಪ್ರಿಂಗ್ ವಾಷರ್ ಹಾಕಿ ಒತ್ತುವುದು, ತಂತಿಯನ್ನು ಪೋಣಿಸುವುದಕ್ಕಿಂತ ಎಷ್ಟೋ ಉತ್ತಮ. ಗ್ರ್ಯಾಫೈಟ್ ಕಡ್ಡಿಯಾದರೆ ಒಣ ತುದಿಗೆ ತಾಮ್ರದ ಲೇಪ ಮಾಡಿಸಿ, ಅದರ ಮೇಲೆ ತಂತಿಯನ್ನು ಬೆಸೆದು, ಇಡೀ ತುದಿಯನ್ನು ಎಪಾಕ್ಸಿಯಲ್ಲಿ ಹುದುಗಿಸಬಹುದು.

ಎಷ್ಟು ಸುಧಾರಿಸಿದರೆ ಸಾಕು ಎಂಬುದೂ ವ್ಯವಹಾರದ ಪ್ರಶ್ನೆಯೇ. ಕೋಶದ ಒಳರೋಧ 200 ಓಮ್ ಇದ್ದಾಗ ಜೋಡಣೆಯನ್ನು 2 ಓಮ್‌ಗೆ ಇಳಿಸಿದರೆ ನಷ್ಟ ನೂರಕ್ಕೆ ಒಂದರಷ್ಟು. ಅದನ್ನು ಇನ್ನೂ ತಗ್ಗಿಸಲು ಬೆಳ್ಳಿ, ಪ್ಲಾಟಿನಂಗಳಿಗೆ ಹಣ ಸುರಿಯುವುದು ವ್ಯರ್ಥ. ಆದರೆ ಕೋಶ ಉತ್ತಮಗೊಂಡು ಒಳರೋಧ 20 ಓಮ್‌ಗೆ ಬಂದರೆ ಅದೇ 2 ಓಮ್ ನೂರಕ್ಕೆ ಹತ್ತರಷ್ಟಾಗುತ್ತದೆ. ಕೋಶ ಸುಧಾರಿಸಿದಂತೆಲ್ಲ ಜೋಡಣೆಯೂ ಸುಧಾರಿಸಬೇಕು.

ಅಳೆಯದೆ ನಂಬಬಾರದು

ಸಾಮಾನ್ಯ ಮಲ್ಟಿಮೀಟರಿನ ಎರಡು ಕಡ್ಡಿಗಳಿಂದ ಸಣ್ಣ ರೋಧವನ್ನು ಅಳೆದರೆ ಕಡ್ಡಿಗಳ ಮತ್ತು ಅವು ತಾಗುವ ಜಾಗದ ರೋಧವೂ ಸೇರಿಕೊಳ್ಳುತ್ತದೆ. ನಾಲ್ಕು ತಂತಿಯ ವಿಧಾನ ಇದಕ್ಕೆ ಪರಿಹಾರ. ಎರಡು ತಂತಿಗಳಿಂದ ಗೊತ್ತಾದ ಪ್ರಮಾಣದ ಪ್ರವಾಹವನ್ನು ಹರಿಸಿ, ಬೇರೆ ಎರಡು ತಂತಿಗಳಿಂದ ಜೋಡಣೆಯ ಎರಡೂ ಬದಿಯ ವೋಲ್ಟೇಜನ್ನು ಓದಬೇಕು. 10 ಮಿಲಿಆಂಪಿಯರ್ ಹರಿಸಿದಾಗ 5 ಮಿಲಿವೋಲ್ಟ್ ತೋರಿದರೆ ಜೋಡಣೆಯ ರೋಧ ಅರ್ಧ ಓಮ್. ಈ ಪರೀಕ್ಷೆಯನ್ನು ಕೋಶಕ್ಕೆ ದ್ರವ ತುಂಬುವ ಮೊದಲೇ, ಪ್ರತಿಯೊಂದು ವಿದ್ಯುದ್ವಾರದ ಜೋಡಣೆಗೂ ಪ್ರತ್ಯೇಕವಾಗಿ ಮಾಡಬೇಕು. ಬಳಿಕ ವಿದ್ಯುದ್ವಾರವನ್ನು ಕೆಲವು ವಾರ ಉಪ್ಪುನೀರಿನಲ್ಲಿ ನೆನೆಸಿಟ್ಟು ಮತ್ತೆ ಅಳೆಯಬೇಕು. ಮೊದಲ ದಿನದ ಅಂಕಿಗಿಂತ ನಂತರದ ಅಂಕಿ ಹೆಚ್ಚು ಮುಖ್ಯ. ತಂತಿಯನ್ನು ಮೆಲ್ಲಗೆ ಅಲುಗಿಸಿದಾಗ ಮೀಟರಿನ ಅಂಕಿ ಕುಣಿದರೆ ಆ ಜೋಡಣೆಯನ್ನು ತಿರಸ್ಕರಿಸುವುದೇ ಲೇಸು.

ಸುಳ್ಳು ವಿದ್ಯುತ್ತನ್ನು ಪತ್ತೆ ಹಚ್ಚುವ ಮಾರ್ಗವೂ ಕಷ್ಟಕರವಲ್ಲ. ಬ್ಯಾಕ್ಟೀರಿಯಾಗಳಿಲ್ಲದ ಇನ್ನೊಂದು ಕೋಶವನ್ನು ಅದೇ ತಂತಿ, ಅದೇ ಉಪ್ಪುನೀರಿನೊಡನೆ ಪಕ್ಕದಲ್ಲಿ ಇಡಬೇಕು. ಅದೂ ವಿದ್ಯುತ್ ಕೊಡುತ್ತಿದ್ದರೆ ತಂತಿ ಸವೆಯುತ್ತಿದೆ ಎಂದೇ ಅರ್ಥ.

ಮಾರುಕಟ್ಟೆ ಎಲ್ಲಿದೆ?

ಈ ಕೋಶಗಳಿಂದ ಕಾರ್ಖಾನೆ ನಡೆಸಬಹುದೆಂದು ಯಾರಾದರೂ ಹೇಳಿದರೆ ಎಚ್ಚರ ವಹಿಸಬೇಕು. 10 ಅಶ್ವಶಕ್ತಿಯ ಒಂದು ಮೋಟಾರಿಗೆ ಸುಮಾರು 7460 ವ್ಯಾಟ್ ಬೇಕು. ಮೇಲೆ ಹೇಳಿದ 2400 ಮಿಲಿವ್ಯಾಟಿನ ಪ್ರಯೋಗಾಲಯದ ಅಂಕಿಯನ್ನೇ ಹಿಡಿದರೂ 3100 ಚದರ ಮೀಟರಿಗೂ ಮಿಕ್ಕಿದ ಕ್ಯಾಥೋಡ್ ಬೇಕಾಗುತ್ತದೆ; ಅಂದರೆ ಮುಕ್ಕಾಲು ಎಕರೆಗಿಂತ ಹೆಚ್ಚು. ದಾಲ್ ಮಿಲ್ಲಿನ ಒಂದು ಮೋಟಾರಿಗಾಗಿ ಇಂತಹ ಹೂಡಿಕೆಯನ್ನು ಯಾರೂ ಮಾಡಲಾರರು.

ನಿಜವಾದ ಉಪಯೋಗ ಅತ್ಯಲ್ಪ ವಿದ್ಯುತ್ ಸಾಕಾಗುವ, ಆದರೆ ಬ್ಯಾಟರಿ ಬದಲಿಸುವುದು ತೊಡಕಾಗಿರುವ ಜಾಗಗಳಲ್ಲಿದೆ. ಅಮೆರಿಕದ ನೌಕಾಪಡೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದಂತೆ, ನೀರಿನ ತಳದ ಕೆಸರಿನಲ್ಲಿ ಹೂತ ಕೋಶಗಳಿಂದ ಹವಾಮಾನ ಅಳೆಯುವ ತೇಲುಬುರುಡೆಯೊಂದನ್ನು ನಡೆಸಲಾಯಿತು; ಅದಕ್ಕೆ ಬೇಕಾದದ್ದು ಸರಾಸರಿ 18 ಮಿಲಿವ್ಯಾಟ್ ಮಾತ್ರ. 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವು ಮಣ್ಣಿನಲ್ಲಿ ಹೂತು ತೇವಾಂಶ ಅಳೆಯುವ ಉಪಕರಣಕ್ಕೆ ವಿದ್ಯುತ್ ಒದಗಿಸುವ ಕೋಶವನ್ನು ಪ್ರಕಟಿಸಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂತಹ ಊರುಗಳ ತೋಟಗಳಲ್ಲಿ ಇಂತಹ ಉಪಕರಣಗಳಿಗೆ ಮುಂದೆ ಬೇಡಿಕೆ ಬರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಉಪಯೋಗ ಕೈಗಾರಿಕೆಗಳಿಗೆ ನೇರವಾಗಿ ಸಂಬಂಧಿಸಿದ್ದು. ತ್ಯಾಜ್ಯ ನೀರಿನ ಜೈವಿಕ ಆಮ್ಲಜನಕ ಬೇಡಿಕೆಯನ್ನು, ಅಂದರೆ ಬಿ.ಓ.ಡಿ.ಯನ್ನು ಭಾರತದಲ್ಲಿ 27 ಡಿಗ್ರಿಯಲ್ಲಿ 3 ದಿನ ಕಾದು ಅಳೆಯಲಾಗುತ್ತದೆ. ನದಿ, ಕೆರೆಗಳಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಸೂಕ್ಷ್ಮಜೀವಿ ಕೋಶವು ಕಲ್ಮಶ ಹೆಚ್ಚಿದಂತೆ, ಒಂದು ಮಿತಿಯವರೆಗೆ, ಹೆಚ್ಚು ವಿದ್ಯುತ್ ಕೊಡುವುದರಿಂದ, ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯದೆ ಏರಿಳಿತದ ಮುನ್ಸೂಚನೆ ನೀಡುವ ಸಂವೇದಕವಾಗಿ ಕೆಲಸ ಮಾಡಬಲ್ಲದು. ದಕ್ಷಿಣ ಕೊರಿಯಾದಲ್ಲಿ ಈ ತತ್ತ್ವದ ಮೇಲೆ ಉಪಕರಣಗಳು ತಯಾರಾಗಿವೆ.

ಜೋಡಣೆಯ ಮಹತ್ವ ಎದ್ದುಕಾಣುವುದು ಇಲ್ಲಿಯೇ. ಇಲ್ಲಿ ವಿದ್ಯುತ್ ಪ್ರವಾಹವೇ ಅಳತೆ. ಜೋಡಣೆಯಲ್ಲಿ ರೋಧ ಹೆಚ್ಚಿದರೆ ಪ್ರವಾಹ ಇಳಿಯುತ್ತದೆ, ಮೀಟರು ನೀರು ಶುದ್ಧವಾಗಿದೆ ಎನ್ನುತ್ತದೆ. ಮಾಲೀಕರು ನಂಬಿ ನೀರು ಬಿಡುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರೀಕ್ಷೆಯಲ್ಲಿ ಬೇರೆಯೇ ಅಂಕಿ ಬರುತ್ತದೆ. ಕೆಳಗಿನ ಊರಿನ ಬಾವಿಗೆ ಹರಿದ ನೀರನ್ನು ಮರಳಿ ತರಲಾಗದು. ಒಂದು ಸಡಿಲ ಸ್ಕ್ರೂ ಉದ್ದಿಮೆಯ ಹೆಸರನ್ನೂ ನೆರೆಯವರ ಆರೋಗ್ಯವನ್ನೂ ಪಣಕ್ಕಿಡುತ್ತದೆ. ತಕ್ಕಡಿಯ ಮುಳ್ಳು ಸರಿಯಿದೆಯೇ ಎಂದು ನೋಡಿಯೇ ತೂಕಕ್ಕೆ ಕೂರುವ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಭಾಗದ ಉದ್ದಿಮೆದಾರರಿಗೆ

ಬ್ಯಾಕ್ಟೀರಿಯಾಗಳ ಅಧ್ಯಯನ ವಿಶ್ವವಿದ್ಯಾಲಯಗಳ ಕೆಲಸ. ಆದರೆ ಒತ್ತುಪಟ್ಟಿ, ಹುರಿಗೊಳಿಸಿದ ಬ್ರಷ್, ಪ್ಲಾಸ್ಟಿಕ್ ಕೋಣೆ, ಎಪಾಕ್ಸಿ ತುಂಬಿದ ತುದಿ ಇವೆಲ್ಲ ಲೇತ್ ಯಂತ್ರ, ಅಚ್ಚು ಮತ್ತು ನುರಿತ ಕೈಗಳ ಕೆಲಸ. ಮೋಟಾರು ರಿವೈಂಡಿಂಗ್ ಮಾಡುವವರಿಗೆ ಕಾರ್ಬನ್ ಬ್ರಷ್ ಗೊತ್ತು, ಲಗ್ ಒತ್ತುವುದು ಗೊತ್ತು, ವಾರ್ನಿಷ್ ಊಡಿಸುವುದು ಗೊತ್ತು. ಕಪನೂರ, ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು ದೊಡ್ಡ ಬಂಡವಾಳವಿಲ್ಲದೆ, ಕಾಲೇಜು ಹಾಗೂ ಸಂಶೋಧನಾಲಯಗಳಿಗೆ ಪರೀಕ್ಷಿಸಿ ದೃಢಪಡಿಸಿದ ವಿದ್ಯುದ್ವಾರ ಜೋಡಣೆಗಳನ್ನು ಒದಗಿಸುವುದರಿಂದ ಆರಂಭಿಸಬಹುದು. 1958ರಲ್ಲಿ ಆರಂಭವಾದ ನಗರದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳು ಹತ್ತಿರದಲ್ಲಿಯೇ ಇವೆ; ಹೈದರಾಬಾದೂ ದೂರವಿಲ್ಲ. ಮಾರುಕಟ್ಟೆ ಸದ್ಯಕ್ಕೆ ಚಿಕ್ಕದೆಂಬುದನ್ನು ಮರೆಯದೆ, ಕೈಯಲ್ಲಿರುವ ಕಸುಬಿನ ಪಕ್ಕದಲ್ಲಿ ಇದನ್ನು ಬೆಳೆಸುವುದು ವಿವೇಕ.

ಈ ಹೊಸ ವಿದ್ಯೆಗೆ ಕೈಹಾಕದವರಿಗೂ ಇದರಿಂದ ಒಂದು ತಕ್ಷಣದ ಲಾಭವಿದೆ. ದಾಲ್ ಮಿಲ್ಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಬಿಸಿಯಾಗುವ ಲಗ್, ಅಲ್ಯೂಮಿನಿಯಂ ಮತ್ತು ತಾಮ್ರ ಕೂಡುವಲ್ಲಿ ಮೂಡುವ ಬೂದುಪುಡಿ, ಧೂಳು ತುಂಬಿದ ಕಾಂಟ್ಯಾಕ್ಟರ್ ಇವೂ ಅದೇ ರೋಗದ ಬೇರೆ ಬೇರೆ ರೂಪಗಳು. 0.6 ವೋಲ್ಟಿನ ಕೋಶದಲ್ಲಿ ಕೆಟ್ಟ ಜೋಡಣೆ ಬೆಳಕನ್ನು ಕದಿಯುತ್ತದೆ. 415 ವೋಲ್ಟಿನ ಪೆಟ್ಟಿಗೆಯಲ್ಲಿ ಬೆಂಕಿಯನ್ನೇ ಹಚ್ಚಬಹುದು. ತೊಗರಿಯ ಹಂಗಾಮು ಆರಂಭವಾಗುವ ಮುನ್ನ ವಿದ್ಯುತ್ ಮಾರ್ಗವನ್ನು ಬಂದ್ ಮಾಡಿಸಿ, ಅರ್ಹ ಎಲೆಕ್ಟ್ರಿಷಿಯನ್‌ರಿಂದ ಪ್ರತಿಯೊಂದು ಜೋಡಣೆಯನ್ನೂ ಬಿಗಿಗೊಳಿಸಿ, ಅಳೆಸಿ, ಪುಸ್ತಕದಲ್ಲಿ ಬರೆಸಿಡುವುದು ಎಲ್ಲ ಉದ್ದಿಮೆದಾರರೂ ಇಂದೇ ಕೈಗೊಳ್ಳಬಹುದಾದ ಕೆಲಸ. ಅದಕ್ಕೆ ತಗಲುವುದು ಒಂದು ದಿನದ ಕೂಲಿ. ಉಳಿಯುವುದು ಇಡೀ ಹಂಗಾಮಿನ ನೆಮ್ಮದಿ.